ಕಾಲು ಕಳೆದುಕೊಂಡ ಬೆಕ್ಕಿನ ಮರಿಯ ಶುಶ್ರೂಷೆ

ಸಂಸ್ಕೃತದಲ್ಲಿ ಬೆಕ್ಕಿಗೆ ಮಾರ್ಜಾರವೆಂದು ಹೆಸರು. ‘ಮೃಜ್’ ಧಾತುವಿಗೆ ಶುಚಿಗೊಳಿಸುವುದೆಂದು ಅರ್ಥ. ತನ್ನ ಮೈಯನ್ನು ಸದಾ ನೆಕ್ಕಿ ಶುಚಿಮಾಡಿಕೊಳ್ಳುವ ಪ್ರಾಣಿಯೆಂದು ಭಾವ. ಆದರೆ ಶಸ್ತ್ರಚಿಕಿತ್ಸೆಯಲ್ಲಿ ಒಂದು ಕಾಲನ್ನು ಕಳೆದುಕೊಂಡು ಮನೆಗೆ ಬಂದ ಮರಿಗೆ ಈ ಸದ್ಗುಣವೇ ಶತ್ರುವಾಗುತ್ತದೆ. ಒರಟು ನಾಲಗೆಯಿಂದ ನೆಕ್ಕಿದರೆ ಹೊಲಿಗೆ ಬಿಚ್ಚಿ ಗಾಯವು ಕೀವುಗಟ್ಟೀತು. ಆದಕಾರಣ ವೈದ್ಯರು ಕೊರಳಿಗೆ ಕಟ್ಟಿದ ಆಲಿಕೆಯಾಕಾರದ ಪಟ್ಟಿಯನ್ನು, ಮರಿಯು ಎಷ್ಟು ಮೊರೆಯಿಟ್ಟರೂ, ಹೊಲಿಗೆ ತೆಗೆಯುವವರೆಗೆ, ಎಂದರೆ ಸಾಮಾನ್ಯವಾಗಿ 10ರಿಂದ 14 ದಿನಗಳವರೆಗೆ, ಬಿಚ್ಚಲಾಗದು.

ಈ ಅವಧಿಯಲ್ಲಿ ಮರಿಯನ್ನು ಸಣ್ಣ ಕೋಣೆಯೊಂದರಲ್ಲಿ ಬೆಚ್ಚಗೆ ಇರಿಸತಕ್ಕದ್ದು. ನುಣುಪಾದ ನೆಲದಲ್ಲಿ ಕಾಲು ಜಾರುವುದರಿಂದ ಗೋಣಿತಾಟನ್ನು ಹಾಸಬೇಕು. ಮಲಮೂತ್ರದ ತಟ್ಟೆಯ ಅಂಚು ತಗ್ಗಾಗಿರಲಿ. ಮರಳು ಗಾಯಕ್ಕೆ ಅಂಟುವುದರಿಂದ ಕೆಲವು ದಿನ ಹರಿದ ಕಾಗದವನ್ನು ಹಾಕುವುದು ಲೇಸು. ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಮರಿಯ ನರಳಾಟವನ್ನು ನೋಡಲಾರದೆ ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರೆಯ ಚೂರನ್ನು ಕೊಡುವವರುಂಟು. ಅದು ಬೆಕ್ಕಿಗೆ ವಿಷ. ಮನುಷ್ಯನ ಯಕೃತ್ತು ಆ ಔಷಧವನ್ನು ನಿವಾರಿಸುವಂತೆ ಬೆಕ್ಕಿನ ಯಕೃತ್ತು ನಿವಾರಿಸಲಾರದು. ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ಮರಿಯು ಅಸುನೀಗಬಹುದು. ನೋವಿಗೆ ಪಶುವೈದ್ಯರು ಕೊಟ್ಟ ಮದ್ದನ್ನಲ್ಲದೆ ಬೇರೊಂದನ್ನು ಕೊಡಕೂಡದು.

ಬಾವು, ದುರ್ಗಂಧ, ರಕ್ತಸ್ರಾವಗಳು ಕಂಡರೆ, ಅಥವಾ ಮರಿಯು ಎರಡು ಹೊತ್ತು ಆಹಾರವನ್ನು ಮುಟ್ಟದಿದ್ದರೆ, ಒಡನೆಯೇ ವೈದ್ಯರಲ್ಲಿಗೆ ಒಯ್ಯಬೇಕು. ಚೆನ್ನಾಗಿ ಗುಣವಾದ ಮರಿಯು ಕೆಲವೇ ವಾರಗಳಲ್ಲಿ ಮೂರು ಕಾಲುಗಳಲ್ಲಿಯೇ ಓಡಾಡಲು ಕಲಿಯುತ್ತದೆ. ಮುಂದೆ ಅದಕ್ಕೆ ಬೊಜ್ಜು ಬೆಳೆಯದಂತೆ ಗೃಹಸ್ಥರು ನೋಡಿಕೊಳ್ಳಬೇಕು. ಇಡೀ ಮೈಭಾರವನ್ನು ಆ ಮೂರು ಕಾಲುಗಳೇ ಜೀವಮಾನವೆಲ್ಲ ಹೊರಬೇಕಷ್ಟೆ.