ಅಜ್ಜನ ಸ್ಪೀಕರ್‌ಗೆ ಹಲಗೆ ಯಾಕೆ ಬೇಕು?

ನಮ್ಮನೆ ಜಗಲಿಯ ಹಳೇ ವಾಲ್ವ್ ರೇಡಿಯೋವನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಈ ಮಳೆಗಾಲದಲ್ಲಿ ಅದರ ಮರದ ಪೆಟ್ಟಿಗೆಯನ್ನು ಗೆದ್ದಲು ತಿಂದುಹಾಕಿತು. ಒಳಗಿನ 8 ಇಂಚಿನ ಸ್ಪೀಕರ್ ಮಾತ್ರ ಉಳಿಯಿತು. "ಅದರಲ್ಲಿ ಇನ್ನೊಂದು ಸಲ ಯಕ್ಷಗಾನದ ಪದ ಕೇಳಿಸು ಮಾರಾಯಾ" ಅಂದರು ಅಜ್ಜ.

ಒಂದು ಸಣ್ಣ ಆಂಪ್ಲಿಫೈಯರ್ ಮೂಲಕ ಮೊಬೈಲ್ ಜೋಡಿಸಿ, ಸ್ಪೀಕರನ್ನು ಕೈಯಲ್ಲೇ ಹಿಡಿದು ಹಚ್ಚಿದೆ. ಚಂಡೆ ಕೇಳಿತು. ಭಾಗವತರ ದನಿ ತಗಡಿನ ಡಬ್ಬಿಯೊಳಗಿಂದ ಬಂದಂತಿತ್ತು. ಮದ್ದಲೆ ಕೇಳಲೇ ಇಲ್ಲ. ಅಜ್ಜ ಏನೂ ಅನ್ನದೆ ಎದ್ದು ಹೋದರು.

ಹಾಳಾಗಿದ್ದು ಸ್ಪೀಕರ್ ಅಲ್ಲ. ಸ್ಪೀಕರಿನ ಕಾಗದ ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಹೊತ್ತಿಗೆ ಹಿಂದಿನ ಗಾಳಿ ಸಡಿಲವಾಗುತ್ತದೆ. ಮುಂದಿನ ಒತ್ತಡ ಅಂಚನ್ನು ಬಳಸಿ ಹಿಂದಕ್ಕೆ ಓಡಿಬಿಡುತ್ತದೆ. ಬದು ಇಲ್ಲದ ಗದ್ದೆಯಲ್ಲಿ ನೀರು ನಿಲ್ಲದ ಹಾಗೆ! ಚಂಡೆಯ ತೆಳು ದನಿಯಲ್ಲಿ ಕಾಗದ ಬೇಗ ಬೇಗ ಅಲುಗುತ್ತದೆ, ಗಾಳಿಗೆ ಓಡಲು ಸಮಯ ಸಿಗಲ್ಲ. ಮದ್ದಲೆಯ ದಪ್ಪ ದನಿಯಲ್ಲಿ ನಿಧಾನ, ಬೇಕಾದಷ್ಟು ಸಮಯ. ಅದಕ್ಕೇ ದಪ್ಪ ದನಿ ಅಲ್ಲೇ ಅಳಿಸಿಹೋಗುತ್ತದೆ.

ಹಾಗಾದರೆ ಬದು ಕಟ್ಟಬೇಕು. ಆ ಬದುವೇ ಹಲಗೆ. ಇದು ಹೊಸ ಉಪಾಯವಲ್ಲ. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಂಜಿನಿಯರುಗಳು ಈಗಿನ ಮಾದರಿಯ ಸ್ಪೀಕರ್ ಬಗ್ಗೆ ಪ್ರಬಂಧ ಬರೆದಾಗಲೇ ಹಲಗೆಯ ವಿಚಾರ ಗೊತ್ತಿತ್ತು. ಅಜ್ಜನ ರೇಡಿಯೋದ ಹಿಂಬದಿಯೂ ತೂತಿನ ರಟ್ಟು ಅಷ್ಟೇ, ಅದರ ಪೆಟ್ಟಿಗೆಯೇ ಹಲಗೆಯ ಕೆಲಸ ಮಾಡುತ್ತಿತ್ತು.

60 ಸೆಂ.ಮೀ. ಅಗಲದ ಪ್ಲೈವುಡ್‌ಗೆ ತೂತು ಕೊರೆದು ಸ್ಪೀಕರ್ ಕೂರಿಸಿದೆ. ಅಂಚು 30 ಸೆಂ.ಮೀ. ದೂರ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಈ 340ನ್ನು ಅಂಚಿನ ದೂರದ ಆರು ಪಟ್ಟಿನಿಂದ ಭಾಗಿಸಿ: 340 ÷ 1.8, ಅಂದರೆ ಸುಮಾರು 190 ಹರ್ಟ್ಸ್. ಅದಕ್ಕಿಂತ ಕೆಳಗೆ ದನಿ ಇಳಿಯುತ್ತಾ ಹೋಗುತ್ತದೆ. 95ಕ್ಕೆ ಬಂದಾಗ ಒತ್ತಡ ಸುಮಾರು ಅರ್ಧ. ಗಂಡಸರ ಮಾತಿನ ದನಿ 100ರ ಆಸುಪಾಸಿನಿಂದ ಶುರುವಾಗುತ್ತದೆ, ಆದ್ದರಿಂದ ಇದು ಸಾಲದು.

ಈಗ ಈಕ್ವಲೈಜರ್ ನೆನಪಾಗುತ್ತದೆ ಅಲ್ವಾ? ಕಡಿಮೆಯಾದ ದನಿಯನ್ನು ಗುಂಡಿ ಏರಿಸಿ ತುಂಬುವುದು. ನಾನು ಹೋದ ವರ್ಷ ಹಾಳು ಟೇಪ್‌ರೆಕಾರ್ಡರಿನ ಸ್ಪೀಕರ್‌ಗೆ ಹಾಗೇ ಮಾಡಿದ್ದೆ. ಬಾಸ್ ಪೂರ್ತಿ ಮೇಲೆ! ಸ್ವಲ್ಪ ಹೊತ್ತು ಪರ್ ಪರ್ ಅಂದು, ಸುಟ್ಟ ವಾಸನೆ ಬಂದು ಸತ್ತೇ ಹೋಯಿತು. ಲೆಕ್ಕ ನೋಡಿ: ಅರ್ಧವಾದ ಒತ್ತಡವನ್ನು ಸರಿಮಾಡಲು 6 ಡೆಸಿಬೆಲ್ ಏರಿಸಬೇಕು, ಅಂದರೆ ನಾಲ್ಕು ಪಟ್ಟು ವಿದ್ಯುತ್. ಕಾಲು ಭಾಗವಾಗಿದ್ದರೆ 12 ಡೆಸಿಬೆಲ್, ಹದಿನಾರು ಪಟ್ಟು. ಕಾಗದವೂ ಅತಿಯಾಗಿ ಜಿಗಿಯಬೇಕು. ಅಜ್ಜನ ಸ್ಪೀಕರ್ ಇರುವುದು ಒಂದೇ. ಅದರ ಮೇಲೆ ಆ ಪ್ರಯೋಗ ಮಾಡುವ ಧೈರ್ಯ ನನಗಿರಲಿಲ್ಲ.

ಅದಕ್ಕೆ ಮೊದಲು ಹಲಗೆ ದೊಡ್ಡದು ಮಾಡಿದೆ. ಎರಡು ಬದಿಗೂ ಮೇಲಕ್ಕೂ 20 ಸೆಂ.ಮೀ. ರೆಕ್ಕೆ ಹಚ್ಚಿ ಹಿಂದಕ್ಕೆ ಮಡಚಿದೆ. ಕೆಳಗೆ ನೆಲವೇ ಬದು. ಈಗ ಅಂಚಿನ ದಾರಿ 50 ಸೆಂ.ಮೀ., ಲೆಕ್ಕ ಸುಮಾರು 113ಕ್ಕೆ ಇಳಿಯಿತು. ಗೋಡೆಯಿಂದ ಒಂದು ಮೀಟರ್ ಮುಂದೆ ಇಟ್ಟೆ, ಹಿಂದಿನ ದನಿ ಗೋಡೆಗೆ ಬಡಿದು ತಕ್ಷಣ ವಾಪಸ್ ಬರಬಾರದಲ್ಲ.

ಆಮೇಲೆ ಮೊಬೈಲಿನ ಈಕ್ವಲೈಜರ್. 60ರ ಗುಂಡಿ ಪೂರ್ತಿ ಕೆಳಗೆ, ಅಷ್ಟು ದಪ್ಪ ದನಿ ಈ ಸ್ಪೀಕರಿನಿಂದ ಆಗದು. 230 ಇದ್ದಲ್ಲೇ ಬಿಟ್ಟೆ. 910 ಮತ್ತು 3600ನ್ನು ಸ್ವಲ್ಪ ಇಳಿಸಿದೆ. ಯಾವುದನ್ನೂ ಏರಿಸಲಿಲ್ಲ. ಒಟ್ಟು ದನಿ ಸಣ್ಣದಾಯಿತು, ಆದರೆ ಜಗಲಿಗೆ ಅಷ್ಟು ಸಾಕು.

ಅಜ್ಜನನ್ನು ಕರೆದು ಕೂರಿಸಿ ಅದೇ ಪದ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಅವರ ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು. "ಮದ್ದಲೆ ಬಂತು" ಅಂದರು.

ನೀವೂ ಒಂದು ರಟ್ಟಿಗೆ ತೂತು ಮಾಡಿ ಹಳೇ ಸ್ಪೀಕರಿನ ಮುಂದೆ ಹಿಡಿದು ನೋಡಿ. ದನಿ ಕೂಡಲೇ ತುಂಬಿಕೊಳ್ಳುತ್ತದೆ. ಮೊದಲು ಹಲಗೆ, ಆಮೇಲೆ ಗುಂಡಿ. ಇದನ್ನು ಮರೀಬೇಡಿ!

— ಒಂಬತ್ತನೇ ತರಗತಿಯ ವಿದ್ಯಾರ್ಥಿ