ಅಂಚು ಸವೆಯುವ ಜೀವಕೋಶ

ನಮ್ಮ ಜೀವಕೋಶಗಳಿಗೂ ಒಂದು ಲೆಕ್ಕ ಇದೆ, ಗೊತ್ತಾ? ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯರ ಕೋಶಗಳು ಸುಮಾರು 50 ಸಲ ಇಬ್ಭಾಗವಾಗಿ ನಿಂತೇಬಿಡುತ್ತವೆ ಅಂತ ಅಮೆರಿಕದ ಲಿಯೊನಾರ್ಡ್ ಹೇಫ್ಲಿಕ್, ಪಾಲ್ ಮೂರ್‌ಹೆಡ್ 1961ರಲ್ಲಿ ಹೇಳಿದರು. ಅಲ್ಲಿವರೆಗೆ, ಸರಿಯಾಗಿ ಪೋಷಿಸಿದರೆ ಕೋಶಕ್ಕೆ ಸಾವೇ ಇಲ್ಲ ಅಂತ ವಿಜ್ಞಾನಿಗಳು ನಂಬಿದ್ದರು.

ಕಾರಣ ಕ್ರೋಮೋಸೋಮಿನ ತುದಿಯಲ್ಲಿದೆ. ಸೀರೆ ಸೆರಗಿನ ಎಳೆ ಬಿಚ್ಚದಂತೆ ಕುಚ್ಚು ಕಟ್ಟುತ್ತೀವಲ್ಲ, ಹಾಗೆ ಅಲ್ಲಿ ಟೆಲೊಮಿಯರ್ ಇರುತ್ತೆ. ಪ್ರತಿ ವಿಭಜನೆಗೂ ಅದು ಚೂರು ಸವೆಯುತ್ತೆ. ತೀರಾ ಗಿಡ್ಡವಾದಾಗ ಕೋಶ ಕೆಲಸ ನಿಲ್ಲಿಸಿದರೂ ಎಷ್ಟೋ ಸಲ ಸಾಯಲ್ಲ. ಅಲ್ಲೇ ಕೂತು ಉರಿಯೂತದ ರಾಸಾಯನಿಕ ಸುರಿಸುತ್ತಾ ಅಕ್ಕಪಕ್ಕದವನ್ನೂ ಕೆಡಿಸುತ್ತೆ. (ಪ್ರತಿ ಆಫೀಸಲ್ಲೂ ಇಂಥವರೊಬ್ಬರು ಇರ್ತಾರೆ, ಬಿಡಿ.)

ಸವೆದ ತುದಿಯನ್ನು ಮತ್ತೆ ಹೆಣೆಯುವ ಕಿಣ್ವ ಟೆಲೊಮರೇಸ್. ಅದನ್ನು ಕೆರೆನೀರಿನ ಏಕಕೋಶ ಜೀವಿಯಲ್ಲಿ ಕಂಡುಹಿಡಿದ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್ ಇಬ್ಬರೂ 2009ರ ನೊಬೆಲ್ ಹಂಚಿಕೊಂಡರು. ಈಗ ಇದೇ ಹೆಸರಲ್ಲಿ 'ಯೌವನದ ಮಾತ್ರೆ' ಮಾರ್ತಾರೆ. ಅಮ್ಮ ಜಾಹೀರಾತು ಫಾರ್ವರ್ಡ್ ಮಾಡಿ, "ತರಿಸಿಕೊಡೋ" ಅಂದ್ರು. ಬೇಡ ಅಂದೆ. ಸುಮಾರು 85ರಿಂದ 90% ಕ್ಯಾನ್ಸರ್‌ಗಳು ಇದೇ ಕಿಣ್ವವನ್ನು ಚಾಲೂ ಮಾಡಿಕೊಂಡೇ ಲಂಗುಲಗಾಮಿಲ್ಲದೆ ಬೆಳೆಯೋದು. ಕೋಶ ನಿಲ್ಲೋದು ದೇಹದ ಬ್ರೇಕ್ ಕೂಡ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ದೀರ್ಘಕಾಲದ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರನ್ನು ಬ್ಲ್ಯಾಕ್‌ಬರ್ನ್, ಎಲಿಸ್ಸಾ ಎಪೆಲ್ ತಂಡ 2004ರಲ್ಲಿ ಪರೀಕ್ಷಿಸಿತ್ತು. ಆರೈಕೆಯ ವರ್ಷಗಳು ಹೆಚ್ಚಿದಷ್ಟೂ ಟೆಲೊಮಿಯರ್ ಗಿಡ್ಡ. ಒತ್ತಡವೇ ಕಾರಣ ಅಂತ ಇದರಿಂದ ಸಾಬೀತಾಗಲ್ಲ, ನಿಜ. ಆದರೆ ಸ್ಟ್ರೋಕ್ ಆದ ಅಪ್ಪನನ್ನು ಅಮ್ಮ ಒಬ್ಬರೇ ನೋಡಿಕೊಳ್ಳಲು ಶುರುಮಾಡಿ ಆರು ವರ್ಷ. ರಾತ್ರಿ ಪಾಳಿಗೆ ಹೋಮ್ ನರ್ಸ್ ಹುಡುಕ್ತಿದ್ದೀನಿ.