ಬೆದೆಗಾಲದಲ್ಲಿ ಕರಿಕರಡಿ ಹೆಚ್ಚು ಕಾಣುವುದೇಕೆ?

ಪ್ರಶ್ನೆ: ಅಮೆರಿಕದ ಗ್ರೇಟ್ ಸ್ಮೋಕಿ ಪರ್ವತಗಳಲ್ಲಿ ಕರಿಕರಡಿ ನೋಡಲು ಅವುಗಳ ಬೆದೆಗಾಲವೇ ಒಳ್ಳೆಯದೆನ್ನುತ್ತಾರೆ. ನಿಜವೇ?

ಉತ್ತರ: ನಿಜ, ಆದರೆ ಕಣ್ಣಿಗೆ ಬೀಳುವುದು ಹೆಚ್ಚಾಗಿ ಜೋಡಿಯಲ್ಲ, ಒಂಟಿ ಕರಡಿ. ಹೆಣ್ಣು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಮರಿ ಹಾಕುವುದರಿಂದ ಪ್ರತಿ ಬೇಸಿಗೆಯಲ್ಲೂ ಬೆದೆಗೆ ಬರುವ ಹೆಣ್ಣುಗಳು ಕಡಿಮೆ. ಅವುಗಳ ವಾಸನೆ ಹಿಡಿದು ಜೂನ್, ಜುಲೈ ತಿಂಗಳಲ್ಲಿ ಗಂಡುಗಳು ಮೈಲಿಗಟ್ಟಲೆ ಅಲೆಯುತ್ತವೆ, ಹಗಲಲ್ಲೇ ರಸ್ತೆ ದಾಟುತ್ತವೆ. ಅದೇ ಹೊತ್ತಿಗೆ ತಾಯಿ ತನ್ನ ಒಂದೂವರೆ ವರ್ಷದ ಮರಿಗಳನ್ನು ದೂರ ಅಟ್ಟುತ್ತದೆ. ಇನ್ನೂ ನೆಲೆ ಸಿಗದ ಈ ಎಳೆಯ ಕರಡಿಗಳೇ ರಸ್ತೆಬದಿಯಲ್ಲಿ, ಊರಂಚಿನಲ್ಲಿ ಎದುರಾಗುವುದು.

ಚಳಿಗಾಲಕ್ಕೆ ಮುಂಚೆಯೂ ಕರಡಿಗಳು ಸಾಕಷ್ಟು ಕಾಣುತ್ತವಲ್ಲ ಎಂದು ನೀವು ಕೇಳಬಹುದು. ಹೌದು, ಆದರೆ ಆಗ ಅವುಗಳನ್ನು ಹೊರಗೆಳೆಯುವುದು ಕೊಬ್ಬು ಕೂಡಿಸಿಕೊಳ್ಳಲು ಬೇಕಾದ ಓಕ್ ಮರದ ಕಾಯಿ. ಈ ಎರಡು ಕಾಲಗಳಿಗೂ ಸೊಗಸಾದ ನಂಟಿದೆ: ಬೇಸಿಗೆಯಲ್ಲಿ ಮೂಡಿದ ಭ್ರೂಣ ನವೆಂಬರ್ ಹೊತ್ತಿಗಷ್ಟೇ ಗರ್ಭಕೋಶಕ್ಕೆ ಅಂಟುತ್ತದೆ; ತಾಯಿಯ ಮೈಯಲ್ಲಿ ಸಾಕಷ್ಟು ಕೊಬ್ಬಿಲ್ಲದಿದ್ದರೆ ಅದು ಬೆಳೆಯುವುದೇ ಇಲ್ಲ. ಹಾಗಾಗಿ ಕರಡಿಯ ಮೇವಿಗೆ, ಓಡಾಟಕ್ಕೆ ಅಡ್ಡಿಯಾಗದಂತೆ ನೋಡುವುದೇ ಸರಿಯಾದ ನೋಟ. ಅಲ್ಲಿನ ಕೇಡ್ಸ್ ಕೋವ್ ಕಣಿವೆಯ ಬಯಲಿನಂಚಿನಲ್ಲಿ ನಸುಕಿಗೋ ಮುಸ್ಸಂಜೆಗೋ ದುರ್ಬೀನು ಹಿಡಿದು ಕಾಯಿರಿ. ಗ್ರೇಟ್ ಸ್ಮೋಕಿ ಪರ್ವತಗಳ ರಾಷ್ಟ್ರೀಯ ಉದ್ಯಾನದಲ್ಲಿ ಬೇಕೆಂದೇ ಕರಡಿಗೆ 45 ಮೀಟರಿಗಿಂತ ಹತ್ತಿರ ಹೋಗುವುದು ಅಪರಾಧ.